'ಪ್ಯಾರಿಷ್' ಎಂಬ ಮಾತಿನೊಳಗಿನ ಮನೆ



ಪಾಸ್ಕ ಹಬ್ಬ ಮುಗಿದ ಮೇಲೆ ಮನೆಗಳನ್ನು ಆಶೀರ್ವದಿಸಲು ಹೊರಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ತೀರ್ಥದ ಪಾತ್ರೆ, ಪ್ರಾರ್ಥನೆಯ ಪುಸ್ತಕ, ಜೊತೆಗೆ ಧರ್ಮಕೇಂದ್ರದ ಕುಟುಂಬಗಳ ಪುಸ್ತಕ ಹಿಡಿದುಕೊಂಡು ನಾವು ಹಳ್ಳಿಗಳಿಗೆ ಹೋಗುತ್ತೇವೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಲ್ಲಿ ಆ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಹೊಲದಲ್ಲಿ ಕೆಲಸವಿರುವುದಿಲ್ಲ. ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದಿರುತ್ತದೆ. ದುಡಿಯುವ ಕೈಗಳು ಬೆಂಗಳೂರಿಗೋ, ಮಂಗಳೂರಿಗೋ, ಗೋವೆಗೋ ಗುಳೆ ಹೋಗಿರುತ್ತವೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಓಣಿಯಲ್ಲಿ ನಾವು ಪುಸ್ತಕ ತೆರೆದು, ಬೀಗ ಹಾಕಿದ ಮನೆಗಳ ಹೆಸರಿನ ಮುಂದೆ ಪೆನ್ಸಿಲಿನಿಂದ 'ಇಲ್ಲ' ಎಂದು ಗುರುತು ಹಾಕುತ್ತಾ ಹೊರಟಿದ್ದೆವು. ಮೂರು ವರ್ಷ ಒಂದೇ ಸಮನೆ 'ಇಲ್ಲ' ಬಿದ್ದ ಮನೆಗಳನ್ನು ಪಟ್ಟಿಯಿಂದ ತೆಗೆದುಬಿಡುವುದು ಎಂಬುದು ನಮ್ಮದೇ ಲೆಕ್ಕಾಚಾರ. ಮೂರು ಮನೆಗಳ ಬೀಗದ ಕೈಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. "ಫಾದರ್, ಅಲ್ಲೇನ್ ಬರಿಯಾಕತ್ತೀರಿ?" ಎಂದು ಕೇಳಿದರು. "ಮನೆಯಲ್ಲಿ ಇಲ್ಲದವರ ಲೆಕ್ಕ ಬರೀತಿದ್ದೀವಿ ಯವ್ವಾ" ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಹೊಟ್ಟಿಪಾಡಿಗೆ ಊರು ಬಿಟ್ಟಾರ್ರೀ, ಗುಡಿ ಬಿಟ್ಟಿಲ್ಲ. ಊರಾಗ ಇಲ್ಲಂದ್ರ ನಿಮ್ಮ ಪುಸ್ತಕದಾಗೂ ಇಲ್ಲೇನ್ರೀ?" ಎಂದರು.

ಆ ಕ್ಷಣಕ್ಕೆ ನಮಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಅದು ಸಿಕ್ಕಿದ್ದು ಆ ಪುಸ್ತಕದ ರಟ್ಟಿನ ಮೇಲೆಯೇ ಇದ್ದ 'ಪ್ಯಾರಿಷ್' ಎಂಬ ಇಂಗ್ಲಿಷ್ ಮಾತಿನಲ್ಲಿ. ಗುರುಮಠದಲ್ಲಿ ಕಲಿಯುವಾಗ ಗ್ರೀಕ್ ಪಾಠದಲ್ಲಿ ಕೇಳಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಟ್ಟಿದ್ದ ಸಂಗತಿ ಅದು. ಆ ಮಾತಿನ ಮತ್ತು ಅದರ ಒಡಹುಟ್ಟಿದ ಮಾತುಗಳ ಚರಿತ್ರೆಯನ್ನು ಈ ಪಾಸ್ಕ ಕಾಲದಲ್ಲಿ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಕೊಪ್ಪಳಕ್ಕೂ ಗ್ರೀಕಿಗೂ ಏನು ನಂಟು?

ಇಂಗ್ಲಿಷೇ ನಮಗೆ ದೂರ, ಇನ್ನು ಗ್ರೀಕ್ ಏಕೆ ಎಂದು ಯಾರಾದರೂ ಕೇಳಬಹುದು. ಕೊಪ್ಪಳವಂತೂ ಅಚ್ಚಗನ್ನಡದ ನೆಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳಿರುವ ಊರುಗಳನ್ನು ಹೆಸರಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಸೇರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಆದರೆ ಅದಕ್ಕೂ ಸಾವಿರ ವರ್ಷ ಹಿಂದೆಯೇ ಇಲ್ಲಿನ ಬಂಡೆಗಳ ಮೇಲೆ ದೂರದ ಊರಿನ ಮಾತು ಬಂದು ನೆಲೆಸಿತ್ತು. ಗವಿಮಠದ ಬೆಟ್ಟದಲ್ಲಿಯೂ ಪಲ್ಕಿಗುಂಡಿನಲ್ಲಿಯೂ ಚಕ್ರವರ್ತಿ ಅಶೋಕನ ಪ್ರಾಕೃತ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದ ಇವನ್ನು ಆರ್. ಎಲ್. ಟರ್ನರ್ ಅವರು 1932ರಲ್ಲಿ ಪ್ರಕಟಿಸಿದರು. ಧರ್ಮದ ದಾರಿಯಲ್ಲಿ ಶ್ರಮಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗವನ್ನು ಪಡೆಯಬಲ್ಲರು ಎಂಬುದು ಆ ಕಿರುಶಾಸನದ ಒಂದು ಮುಖ್ಯ ಮಾತು.

ಇದೇ ಅಶೋಕ ತನ್ನ ರಾಜ್ಯದ ವಾಯವ್ಯ ಗಡಿಯಲ್ಲಿ, ಇಂದಿನ ಅಫ್ಘಾನಿಸ್ತಾನದ ಕಂದಹಾರದಲ್ಲಿ, ಗ್ರೀಕ್ ಮತ್ತು ಅರಾಮಾಯಿಕ್ ಎಂಬ ಎರಡು ಭಾಷೆಗಳಲ್ಲಿ ಒಂದು ಶಾಸನ ಕೆತ್ತಿಸಿದ. ಅದು ಸಿಕ್ಕಿದ್ದು 1958ರಲ್ಲಿ. ಅಲೆಕ್ಸಾಂಡರನ ಕಾಲದಿಂದ ಅಲ್ಲಿ ಗ್ರೀಕ್ ಮಾತನಾಡುವ ಜನರಿದ್ದರು. ಅರಾಮಾಯಿಕ್ ಮುಂದೆ ಯೇಸುಸ್ವಾಮಿ ಮನೆಯಲ್ಲಿ ಆಡಿದ ಭಾಷೆ. ನಮ್ಮ 'ಧರ್ಮ' ಎಂಬ ಮಾತಿಗೆ ಆ ಶಾಸನದಲ್ಲಿ ಬಳಸಿದ ಗ್ರೀಕ್ ಪದ 'ಯೂಸೆಬೆಯ'. ಭಯಭಕ್ತಿ ಎಂದು ಅದರ ಅರ್ಥ. ಸುಮಾರು ಮುನ್ನೂರು ವರ್ಷಗಳ ನಂತರ ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದಲ್ಲಿ ಇದೇ ಪದ ಮತ್ತೆ ಮತ್ತೆ ಬರುತ್ತದೆ. ಗವಿಮಠದ ಬಂಡೆಯ ಮೇಲೆ ಮಾತನಾಡಿದ ಅರಸನೇ ಸಂತ ಪೌಲರ ಬಳಗದ ಭಾಷೆಯಲ್ಲಿಯೂ ಮಾತನಾಡಿದ್ದಾನೆ ಎಂದರೆ, ಗ್ರೀಕ್ ನಾವು ಅಂದುಕೊಂಡಷ್ಟು ದೂರವಿಲ್ಲ. ಮನುಷ್ಯರಂತೆ ಮಾತುಗಳೂ ಊರು ಬಿಟ್ಟು ಊರಿಗೆ ಹೋಗಿ ನೆಲೆಸುತ್ತವೆ.

ಓಯ್ಕೊಸ್ ಎಂದರೆ ಮನೆ

ನಾವು ಈಗ ಹಿಂಬಾಲಿಸುವ ಮಾತು 'ಓಯ್ಕೊಸ್'. ಗ್ರೀಕಿನಲ್ಲಿ ಮನೆ ಎಂದು ಅರ್ಥ. ಗೋಡೆ, ಮಾಳಿಗೆ ಮಾತ್ರವಲ್ಲ. ಮನೆಮಂದಿ, ಆಳುಕಾಳು, ಹೊಲ, ದನಕರು, ಕಣಜ ಎಲ್ಲವೂ ಸೇರಿ ಓಯ್ಕೊಸ್. ನಮ್ಮ 'ಒಕ್ಕಲು' ಎಂಬ ಮಾತಿನ ಹರವು ಇದಕ್ಕೆ ಬಹಳ ಹತ್ತಿರ. ಕಿವಿಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ. ಆದರೆ ಅದು ಆಕಸ್ಮಿಕ. ಒಕ್ಕಲು ದ್ರಾವಿಡ ಮೂಲದ್ದು, ಓಯ್ಕೊಸ್ ಬೇರೆ ಮನೆತನದ್ದು.

ಓಯ್ಕೊಸಿನ ನಿಜವಾದ ನೆಂಟರು ನಮಗೆ ಸಂಸ್ಕೃತದ ಬಾಗಿಲಿನಿಂದ ಬಂದಿದ್ದಾರೆ. ಹಳೆಯ ಕಾಲದಲ್ಲಿ ಗ್ರೀಕರು ಇದನ್ನು 'ವೊಯ್ಕೊಸ್' ಎನ್ನುತ್ತಿದ್ದರು. ಒಳಹೊಗು, ನೆಲೆಸು ಎಂಬ ಅರ್ಥದ 'ವಿಶ್' ಎಂಬ ಸಂಸ್ಕೃತ ಧಾತುವಿಗೂ ಇದಕ್ಕೂ ಬೇರು ಒಂದೇ. ಪ್ರವೇಶ, ನಿವೇಶನ ಎಂಬ ಮಾತುಗಳು ಆ ಧಾತುವಿನ ಮಕ್ಕಳು. ಗಂಗಾವತಿಯಲ್ಲಿ ಒಂದು ಕುಟುಂಬ ಸಾಲ ಮಾಡಿ ನಿವೇಶನ ಕೊಂಡು, ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ನಮ್ಮನ್ನು ಕರೆದಾಗ ಆ ಕರೆಯೋಲೆಯಲ್ಲಿಯೇ ಓಯ್ಕೊಸಿನ ನೆಂಟರು ಇರುತ್ತಾರೆ.

ಇಂಗ್ಲಿಷಿಗೆ ಹೋದ ಮೂವರು

ಈ ಮನೆಯಿಂದ ಹೊರಟು ಇಂಗ್ಲಿಷಿನಲ್ಲಿ ದೊಡ್ಡ ಹೆಸರು ಮಾಡಿದ ಮೂರು ಮಾತುಗಳು ಎಕಾನಮಿ, ಎಕಾಲಜಿ, ಎಕ್ಯುಮೆನಿಕಲ್.

'ಎಕಾನಮಿ' ಎಂದರೆ ಇಂದು ದೇಶದ ಹಣಕಾಸು. ಮೂಲ ಪದ 'ಓಯ್ಕೊನೊಮಿಯ'. ಅದರ ಅರ್ಥ ಮನೆಯನ್ನು ನಡೆಸುವುದು. ಕನ್ನಡದಲ್ಲಿ 'ಮನೆವಾರ್ತೆ' ಎಂಬ ಚೆಂದದ ಮಾತಿದೆಯಲ್ಲ, ಅದೇ. ಮನೆಯ ಅಗತ್ಯ ಪೂರೈಸುವುದು ಒಂದು ವಿದ್ಯೆ, ಮಿತಿಯಿಲ್ಲದೆ ಹಣ ಕೂಡಿಹಾಕುವುದು ಬೇರೆಯದೇ ವಿದ್ಯೆ ಎಂದು ತತ್ವಜ್ಞಾನಿ ಅರಿಸ್ಟಾಟಲ್ ಎರಡನ್ನೂ ಬೇರ್ಪಡಿಸಿದ್ದ. ಮೇಸ್ತ್ರಿಯಿಂದ ಮುಂಗಡ ಪಡೆದು, ಅದನ್ನು ತೀರಿಸಲು ಆರು ತಿಂಗಳು ಪರಸ್ಥಳದಲ್ಲಿ ದುಡಿಯುವ ತಾಯಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಸಂತ ಲೂಕರ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಬರುವ ಮೇಸ್ತ್ರಿಯಂಥ ಮನೆವಾರ್ತೆಯವನನ್ನು ಗ್ರೀಕಿನಲ್ಲಿ 'ಓಯ್ಕೊನೊಮೊಸ್' ಎಂದೇ ಕರೆಯಲಾಗಿದೆ. ಮುಂದೆ ಧರ್ಮಸಭೆಯ ಪಿತಾಮಹರು ದೇವರ ರಕ್ಷಣಾ ಯೋಜನೆಗೇ ಓಯ್ಕೊನೊಮಿಯ ಎಂಬ ಹೆಸರಿಟ್ಟರು. ಇಡೀ ಲೋಕವೆಂಬ ಮನೆಯನ್ನು ನಡೆಸುವ ಯಜಮಾನ ದೇವರು ಎಂಬುದು ಅವರ ಭಾವನೆ.

'ಎಕಾಲಜಿ' ಈ ಮೂವರಲ್ಲಿ ಕಿರಿಯ. ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಓಯ್ಕೊಸ್ ಮತ್ತು 'ಲೋಗೊಸ್' ಎಂಬ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ಇದನ್ನು ಟಂಕಿಸಿದ. ಜೀವಿಗಳೆಲ್ಲ ಕೂಡಿ ಬಾಳುವ ಮನೆಯ ವಿಚಾರ ಎಂದು ಹೇಳಬಹುದು. ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದಾಗ, ಅವರು ಈ ಮಾತಿನ ಬೇರಿಗೇ ಕೈ ಹಾಕಿದ್ದರು. ಕಾರ್ಖಾನೆಯ ಹೊಗೆ, ಬೂದಿಯ ವಿರುದ್ಧ 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಗವಿಮಠದ ಸ್ವಾಮೀಜಿಯವರೊಂದಿಗೆ ಬೀದಿಗಿಳಿದರು. ಗ್ರೀಕ್ ತಿಳಿಯದಿದ್ದರೂ ಅಂದು ಅವರು ಆಡಿದ್ದು ಓಯ್ಕೊಸಿನ ಮಾತನ್ನೇ.

'ಎಕ್ಯುಮೆನಿಕಲ್' ಬಂದದ್ದು 'ಓಯ್ಕುಮೇನೆ' ಎಂಬುದರಿಂದ. ಜನ ಮನೆ ಮಾಡಿಕೊಂಡು ವಾಸಿಸುವ ನೆಲವೆಲ್ಲ ಓಯ್ಕುಮೇನೆ. ಕ್ರಿಸ್ತಜಯಂತಿಯ ರಾತ್ರಿ ನಾವು ಓದುವ ವಾಚನದಲ್ಲಿ ಔಗುಸ್ತ ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡಿದ್ದು ಇಡೀ ಓಯ್ಕುಮೇನೆಗೆ. ಆ ಗಣತಿಗಾಗಿಯೇ ಜೋಸೆಫರೂ ಮರಿಯಮ್ಮನವರೂ ಊರು ಬಿಟ್ಟು ನಡೆದರು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಕೂಡಿದ ಧರ್ಮಸಭೆಯ ಮಹಾಸಮ್ಮೇಳನಕ್ಕೆ ಎಕ್ಯುಮೆನಿಕಲ್ ಎಂಬ ಹೆಸರು ನಿಂತಿತು. ಇಂದು ಬೇರೆ ಬೇರೆ ಕ್ರೈಸ್ತ ಸಭೆಗಳು ಒಂದೇ ಮನೆಯವರಾಗಲು ಪಡುವ ಪ್ರಯತ್ನಕ್ಕೂ ಅದೇ ಹೆಸರು.

ಧರ್ಮಕ್ಷೇತ್ರ: ಮನೆ ನೋಡಿಕೊಳ್ಳುವ ಕೆಲಸ

ಇನ್ನು ನಾವು ದಿನನಿತ್ಯ ಬಳಸುವ ಎರಡು ಮಾತುಗಳಿಗೆ ಬರೋಣ. ಧರ್ಮಕ್ಷೇತ್ರಕ್ಕೆ ಇಂಗ್ಲಿಷಿನಲ್ಲಿ 'ಡಯಾಸಿಸ್' ಎನ್ನುತ್ತೇವೆ. ಇದರ ಮೂಲ 'ದಿಯೋಯ್ಕೇಸಿಸ್'. ಮನೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿಕೊಳ್ಳುವುದು, ಆಡಳಿತ ಎಂದು ಅರ್ಥ. ಇದು ಮೊದಲು ಸರ್ಕಾರದ ಮಾತಾಗಿತ್ತು. ಕ್ರಿ.ಶ. 284ರಿಂದ 305ರವರೆಗೆ ಆಳಿದ ರೋಮ್ ಚಕ್ರವರ್ತಿ ಡಯೊಕ್ಲೆಶಿಯನ್ ತನ್ನ ಸಾಮ್ರಾಜ್ಯದ ಪ್ರಾಂತಗಳನ್ನು ಗುಂಪು ಮಾಡಿ 12 ಡಯಾಸಿಸ್‌ಗಳನ್ನು ಮಾಡಿದ. ಕ್ರೈಸ್ತರನ್ನು ಕ್ರೂರವಾಗಿ ಹಿಂಸಿಸಿದ ದೊರೆ ಇವನೇ. ಅವನ ಕಚೇರಿಯ ಮಾತು ಮುಂದೆ ಧರ್ಮಾಧ್ಯಕ್ಷರ ಆಡಳಿತಕ್ಕೆ ಹೆಸರಾದದ್ದು ಚರಿತ್ರೆಯ ಸೋಜಿಗಗಳಲ್ಲಿ ಒಂದು.

ಗಡಿಗಳು ಹೀಗೆ ಬರುತ್ತವೆ, ಹೋಗುತ್ತವೆ. ಈ ನಮ್ಮ ನೆಲ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕುಗಳಾದವು. 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರ ಈ ಎಲ್ಲ ಊರುಗಳನ್ನೂ ಒಳಗೊಂಡಿದೆ. ನಕ್ಷೆಯ ಗೆರೆ ಎಲ್ಲಿಯೇ ಇರಲಿ, 'ಡಯಾಸಿಸ್' ಎಂಬ ಮಾತು ಕೇಳುವುದು ಒಂದೇ ಪ್ರಶ್ನೆ: ಮನೆಯನ್ನು ತುದಿಯಿಂದ ತುದಿಯವರೆಗೆ ನೋಡಿಕೊಂಡಿರಾ?

ಪ್ಯಾರಿಷ್: ಪರಸ್ಥಳದ ವಾಸ

ಈಗ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಟ್ಟ ಮಾತು. 'ಪ್ಯಾರಿಷ್' ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗೋಪುರ, ಗಂಟೆ, ಗಡಿ ಗುರುತಿಸಿದ ಊರುಗಳು, ತಲೆಮಾರುಗಳಿಂದ ಅಲ್ಲೇ ನೆಲೆಸಿದ ಮನೆತನಗಳು. ಮೂಲ ಗ್ರೀಕ್ ಪದ 'ಪರೋಯ್ಕಿಯ' ಹೇಳುವುದು ಇದಕ್ಕೆ ತೀರ ಬೇರೆ. 'ಪರ' ಎಂದರೆ ಗ್ರೀಕಿನಲ್ಲಿ ಪಕ್ಕದಲ್ಲಿ. ಓಯ್ಕೊಸ್ ಮನೆ. ಬೇರೆಯವರ ಮನೆಗಳ ಪಕ್ಕದಲ್ಲಿ, ಆ ಊರಿನ ಹಕ್ಕುದಾರನಲ್ಲದೆ ಬಿಡಾರ ಹೂಡಿರುವವನು 'ಪರೋಯ್ಕೊಸ್'. ಅವನ ಆ ವಾಸವೇ ಪರೋಯ್ಕಿಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗುಳೆ ಬಂದವನು, ಗುಳೆಯ ಬದುಕು.

ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಈ ಪದವನ್ನು ಯಾರಿಗೆ ಬಳಸಿದರು ನೋಡಿ. ಸಾರಾ ತೀರಿಕೊಂಡಾಗ ಹೆಂಡತಿಯನ್ನು ಮಣ್ಣು ಮಾಡಲು ಅಂಗೈಯಗಲ ಸ್ವಂತ ನೆಲವಿಲ್ಲದ ಅಬ್ರಹಾಮ, ಊರವರ ಮುಂದೆ ನಿಂತು ತಾನು ಅವರ ನಡುವಿನ ಪರದೇಶಿ ಎಂದು ಹೇಳಿಕೊಳ್ಳುತ್ತಾನೆ. ಆ ಜಾಗದಲ್ಲಿ ಇರುವುದು ಪರೋಯ್ಕೊಸ್. ಮಿದ್ಯಾನಿಗೆ ಓಡಿಹೋದ ಮೋಶೆ ಮಗ ಹುಟ್ಟಿದಾಗ ತನ್ನ ಬಗ್ಗೆ ಹೇಳಿಕೊಳ್ಳುವ ಮಾತೂ ಅದೇ. ಸಂತ ಪೇತ್ರರು ಮೊದಲನೆಯ ಪತ್ರದಲ್ಲಿ ಕ್ರೈಸ್ತರೆಲ್ಲರ ಈ ಲೋಕದ ಬದುಕನ್ನೇ ಪರೋಯ್ಕಿಯ ಎಂದು ಕರೆದರು.

ಅಂದಿನ ಕ್ರೈಸ್ತರು ಅದನ್ನು ತಮ್ಮ ವಿಳಾಸ ಮಾಡಿಕೊಂಡರು. ಮೊದಲನೆಯ ಶತಮಾನದ ಕೊನೆಯಲ್ಲಿ ಸಂತ ಕ್ಲೆಮೆಂಟರ ಹೆಸರಿನಲ್ಲಿ ರೋಮಿನಿಂದ ಕೊರಿಂಥಕ್ಕೆ ಹೋದ ಪತ್ರ, ರೋಮಿನಲ್ಲಿ ಪರವಾಸಿಯಾಗಿರುವ ಸಭೆಯಿಂದ ಕೊರಿಂಥದಲ್ಲಿ ಪರವಾಸಿಯಾಗಿರುವ ಸಭೆಗೆ ಎಂದು ಆರಂಭವಾಗುತ್ತದೆ. ಎರಡನೆಯ ಶತಮಾನದಲ್ಲಿ ಸಂತ ಪೊಲಿಕಾರ್ಪರ ರಕ್ತಸಾಕ್ಷ್ಯವನ್ನು ವಿವರಿಸಿ ಸ್ಮಿರ್ನದವರು ಬರೆದ ಪತ್ರವೂ ಹಾಗೆಯೇ. ಆಗ ಪರೋಯ್ಕಿಯ ಎಂದರೆ ಒಬ್ಬ ಧರ್ಮಾಧ್ಯಕ್ಷರ ಕೆಳಗಿನ ಇಡೀ ಸಭೆ. ನಾಲ್ಕನೆಯ ಶತಮಾನದಲ್ಲಿ ಧರ್ಮಸಭೆಯ ಮೊದಲ ಚರಿತ್ರೆಯನ್ನು ಬರೆದ ಸೆಸರಿಯಾದ ಯೂಸೇಬಿಯುಸ್ ಆ ಅರ್ಥದಲ್ಲಿಯೇ ಬಳಸುತ್ತಾರೆ. (ಅವರ ಹೆಸರೂ ಕಂದಹಾರದ ಬಂಡೆಯ 'ಯೂಸೆಬೆಯ'ದ ಬಳಗದ್ದೇ.) ಕ್ರಮೇಣ ದೊಡ್ಡದಕ್ಕೆ ಡಯಾಸಿಸ್, ಅದರೊಳಗಿನ ಚಿಕ್ಕದಕ್ಕೆ ಲತೀನಿನ 'ಪರೋಕಿಯ' ಎಂಬ ಹೆಸರು ನಿಂತವು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋಗಿ ಅದು ಪ್ಯಾರಿಷ್ ಆಯಿತು. 1563ರಲ್ಲಿ ತ್ರೆಂತ್ ಮಹಾಸಮ್ಮೇಳನವು ಪ್ರತಿ ಧರ್ಮಕೇಂದ್ರಕ್ಕೂ ಖಚಿತವಾದ ಗಡಿ, ಸ್ವಂತ ಗುರು ಇರಬೇಕೆಂದು ವಿಧಿಸಿತು. ಬಿಡಾರ ಹೀಗೆ ಕಲ್ಲಿನ ಕಟ್ಟಡವಾಯಿತು. ಅದರ ಬಳಗದ 'ಪರೋಕಿಯಲ್' ಎಂಬ ಇಂಗ್ಲಿಷ್ ಮಾತಿಗೆ ಇಂದು ಸಂಕುಚಿತ ಬುದ್ಧಿಯ, ತನ್ನೂರಿನಾಚೆ ಏನೂ ಕಾಣದ ಎಂಬ ಅರ್ಥವೂ ಅಂಟಿಕೊಂಡಿದೆ. ಊರೇ ಇಲ್ಲದವರ ಹೆಸರು ತನ್ನ ಊರಲ್ಲದೆ ಬೇರೇನೂ ಕಾಣದವರ ಹೆಸರಾಯಿತು!

ಬಂದವರು, ಹೋದವರು

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪರೋಯ್ಕಿಯದ ಎರಡು ಮುಖಗಳೂ ಕಾಣುತ್ತವೆ. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟಿಗೆ 1953ರ ಹೊತ್ತಿಗೆ ನೀರು ಬಂತು. ನದಿ ದಂಡೆಯ ಹಲವು ಹಳ್ಳಿಗಳು ಮುಳುಗಿ, ಅಲ್ಲಿನ ಜನ ಗಂಟುಮೂಟೆ ಕಟ್ಟಿದರು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವಾಗಿಸಿತು. ಕರಾವಳಿ ಆಂಧ್ರದಿಂದ ರೈತ ಕುಟುಂಬಗಳು ಬಂದು ಭೂಮಿ ಕೊಂಡು, ಕಾಲುವೆಯ ಬದಿಯಲ್ಲಿ ಬಿಡಾರ ಹೂಡಿದವು. ಆ ವಸತಿಗಳಿಗೆ ಇಂದಿಗೂ 'ಕ್ಯಾಂಪ್' ಎಂಬ ಹೆಸರೇ ಉಳಿದಿದೆ. ಸಿಮೆಂಟಿನ ಮನೆ ಎದ್ದಿದೆ, ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದ್ದಾರೆ; ಊರಿನ ಹೆಸರು ಮಾತ್ರ ಬಿಡಾರದ್ದೇ. ಕಾಲುವೆಯ ನೀರು ಹತ್ತದ ಕುಷ್ಟಗಿ, ಯಲಬುರ್ಗಾ ಕಡೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಬಸ್ಸು ಹತ್ತುತ್ತಾರೆ. ಒಂದು ಕಡೆ ಬಂದವರು, ಒಂದು ಕಡೆ ಹೋದವರು. ಎರಡೂ ಪರೋಯ್ಕಿಯವೇ.

ಹೋದವರಿಗೆ ಶುಭಸಂದೇಶದ ಕಾಲದಲ್ಲಿಯೇ ನೆಂಟರಿದ್ದಾರೆ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಯನ್ನು ನೆನೆಯಿರಿ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದಾಗ ಅವರು ಕೊರಿಂಥಕ್ಕೆ ಬಂದರು. ಗುಡಾರ ಮಾಡುವುದು ಅವರ ಕಸುಬು. ಅಲ್ಲಿಂದ ಎಫೆಸಕ್ಕೆ ಹೋದರು, ಮತ್ತೆ ರೋಮಿಗೆ ಬಂದರು. ಹೋದಲ್ಲೆಲ್ಲ ಪೌಲರಂಥವರಿಗೆ ಜಾಗ ಕೊಟ್ಟರು. ಅವರ ಮನೆಯಲ್ಲಿ ಸೇರುವ ಸಭೆಗೆ ಪೌಲರು ತಮ್ಮ ಪತ್ರಗಳಲ್ಲಿ ವಂದನೆ ಹೇಳಿದ್ದಾರೆ. ಕಟ್ಟುತ್ತಿರುವ ಬಹುಮಹಡಿ ಕಟ್ಟಡದ ಬದಿಯಲ್ಲಿ ತಾಡಪತ್ರಿ ಹೊದಿಸಿದ ಶೆಡ್ಡಿನೊಳಗೆ, ರಾತ್ರಿ ಊಟದ ಮುಂಚೆ ಜಪಸರ ಹಿಡಿಯುವ ನಮ್ಮ ಕುಟುಂಬಗಳನ್ನು ಅವರು ಕಂಡಿದ್ದರೆ ಕೂಡಲೇ ಗುರುತಿಸುತ್ತಿದ್ದರು.

ಎಮ್ಮಾವಿನ ದಾರಿಯ ಪರದೇಶಿ

ಈ ಪಾಸ್ಕ ಕಾಲದಲ್ಲಿ ನಾವು ಎಮ್ಮಾವಿನ ಪ್ರಸಂಗವನ್ನು ಓದುತ್ತೇವೆ. ಪುನರುತ್ಥಾನರಾದ ಯೇಸು ದಾರಿಯಲ್ಲಿ ಜೊತೆಗೂಡುತ್ತಾರೆ. ಶಿಷ್ಯರಿಗೆ ಗುರುತು ಹತ್ತುವುದಿಲ್ಲ. ಜೆರುಸಲೇಮಿನಲ್ಲಿ ನಡೆದದ್ದು ತಿಳಿಯದ ಪರಸ್ಥಳದವನು ನೀನೊಬ್ಬನೇ ಏನು ಎಂಬ ಅರ್ಥದಲ್ಲಿ ಕ್ಲೆಯೋಫನು ಕೇಳುತ್ತಾನೆ. ಸಂತ ಲೂಕರು ಅಲ್ಲಿ ಬಳಸಿದ ಕ್ರಿಯಾಪದ 'ಪರೋಯ್ಕೇಯ್ಸ್'. 'ಪ್ಯಾರಿಷ್' ಹುಟ್ಟಿದ ಬೇರೇ ಅದು. ಪುನರುತ್ಥಾನರಾದ ಪ್ರಭುವನ್ನೇ ಅಂದು ಗುಳೆ ಬಂದವನೆಂದು ತಿಳಿದರು. ಊರು ಸೇರಿದಾಗ ಆ ಇಬ್ಬರು ಮುಂದೆ ಹೊರಟಿದ್ದವರನ್ನು ಒತ್ತಾಯಿಸಿ ಒಳಗೆ ಕರೆದರು. ರೊಟ್ಟಿ ಮುರಿಯುವಾಗ ಗುರುತು ಹತ್ತಿತು. ಬಾಗಿಲು ತೆರೆಯದಿದ್ದರೆ ಅವರಿಗೆ ಪಾಸ್ಕ ಹಬ್ಬವೇ ಇರುತ್ತಿರಲಿಲ್ಲ.

ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಈ ಕುಟುಂಬದ ಎರಡು ಮಾತುಗಳು ಒಂದೇ ವಾಕ್ಯದಲ್ಲಿ ಎದುರುಬದುರಾಗಿ ನಿಂತಿವೆ. ನೀವಿನ್ನು ಪರೋಯ್ಕೊಸ್‌ಗಳಲ್ಲ, ದೇವರ ಓಯ್ಕೊಸಿಗೆ ಸೇರಿದ ಮನೆಮಂದಿ ಎಂಬುದು ಅ‍ದರ ಸಾರ. ಪರವಾಸಿಯನ್ನು ಮನೆಯವನನ್ನಾಗಿ ಮಾಡುವ ಜಾಗವೇ ಧರ್ಮಕೇಂದ್ರ.

ಧರ್ಮಸಭೆಯ ಕಾನೂನೂ ಅಜ್ಜಿಯ ಪರವಾಗಿಯೇ ಇದೆ. 1983ರ ಕಾನೂನು ಸಂಹಿತೆಯ ಪ್ರಕಾರ, ಮರಳಿ ಬರುವ ಮನಸ್ಸಿಲ್ಲದೆ ಊರು ಬಿಟ್ಟಾಗ ಮಾತ್ರ ಒಬ್ಬರ ಕಾಯಂ ವಾಸ ತಪ್ಪುತ್ತದೆ. ಬೀಗದ ಕೈಯನ್ನು ಅಜ್ಜಿಯ ಸೆರಗಿಗೆ ಕಟ್ಟಿ ಹೋದವರು ಮರಳಿ ಬರುವವರೇ. ಅದೇ ಕಾನೂನಿನಂತೆ, ಮೂರು ತಿಂಗಳು ನೆಲೆಸುವ ಉದ್ದೇಶದಿಂದ ಬಂದವರು, ಅಥವಾ ಮೂರು ತಿಂಗಳು ನೆಲೆಸಿದವರು, ಹೋದ ಊರಿನ ಧರ್ಮಕೇಂದ್ರಕ್ಕೂ ಸೇರುತ್ತಾರೆ. ನೆಲೆಯೇ ಇಲ್ಲದೆ ಅಲೆಯುವವರಿಗೆ, ಅವರು ಸದ್ಯ ತಂಗಿರುವ ಜಾಗದ ಗುರುವೇ ಗುರು. ಗುಳೆ ಹೋದವರಿಗೆ ಎರಡು ಧರ್ಮಕೇಂದ್ರಗಳಿವೆ. ಒಂದೂ ಇಲ್ಲದಂತೆ ಮಾಡಿದ್ದು ನಮ್ಮ ಪೆನ್ಸಿಲು.

ಆ ವರ್ಷವೇ ನಾವು ರಬ್ಬರು ಹಿಡಿದು ಕುಳಿತು ಆ 'ಇಲ್ಲ'ಗಳನ್ನು ಅಳಿಸಿದೆವು. ಪುಸ್ತಕದಲ್ಲಿ 'ಈಗ ಎಲ್ಲಿ' ಎಂಬ ಹೊಸ ಅಂಕಣ ಬರೆದೆವು. ಅಜ್ಜಿ ಒಂದೊಂದೇ ಊರಿನ ಹೆಸರು ಹೇಳುತ್ತಾ ಹೋದರು. ಕೆಲವರ ಫೋನ್ ನಂಬರು ಸಿಕ್ಕಿತು. ಒಂದೆರಡು ಕಡೆ ಅಲ್ಲಿನ ಗುರುಗಳೊಡನೆ ಮಾತನಾಡಿದೆವು. ಎಲ್ಲರೂ ಸಿಕ್ಕಲಿಲ್ಲ. ಬೀಗ ಹಾಕಿದ ಬಾಗಿಲುಗಳಿಗೂ ಈಗ ತೀರ್ಥ ಚಿಮುಕಿಸಿ, ಆ ಮನೆಯವರ ಹೆಸರು ಹೇಳಿ ಪ್ರಾರ್ಥಿಸಿಯೇ ಮುಂದೆ ಹೋಗುತ್ತೇವೆ.

ನಗರದಲ್ಲಿರುವ ಓದುಗರೇ, ನಿಮ್ಮ ಬೀದಿಯ ಕೊನೆಯಲ್ಲಿ ಕಟ್ಟಡ ಏಳುತ್ತಿದ್ದರೆ, ಬಲಿಪೂಜೆಗೆ ಹೋಗುವಾಗ ಅಲ್ಲಿನ ಶೆಡ್ಡುಗಳ ಕಡೆ ಒಮ್ಮೆ ತಿರುಗಿ ನೋಡಿ. ಯಾವ ಊರು ಎಂದು ಕೇಳಿ. ಕೊಪ್ಪಳದ ಕಡೆಯವರು ಎಂದಾರು. ಅವರಲ್ಲಿ ನಮ್ಮ ಪುಸ್ತಕದ ಕುಟುಂಬವೂ ಇದ್ದೀತು. ಇದ್ದರೆ ಭಾನುವಾರ ನಿಮ್ಮ ಬೆಂಚಿನಲ್ಲಿ ಸ್ವಲ್ಪ ಸರಿದು ಕುಳಿತು ಅವರಿಗೆ ಜಾಗ ಮಾಡಿಕೊಡಿ.